ಹೆಸರು ಬೇಕಾ, ಬರ್ಕೊಳ್ಳಿ

ಮೂಡಬಿದ್ರೆ, ಬಂಟ್ವಾಳ, ಬೆಳ್ತಂಗಡಿ ಈ ಮೂರು ಕಡೆ ಶೋಧನನ, ಅಂದ್ರೆ ನನ್ನ, ಮುಖ ಗೊತ್ತಿಲ್ಲದವರು ಇರಬಹುದು, ಸ್ವರ ಗೊತ್ತಿಲ್ಲದವರು ಇಲ್ಲ. ಅಶ್ರಫಣ್ಣನ ಮೈಕ್ ಸೆಟ್ ಅಂಗಡಿಯ ಜೀಪು, ಮೇಲೆ ಎರಡು ಹಾರ್ನು, ಒಳಗೆ ನಾನು. ನಾಟಕ, ಯಕ್ಷಗಾನ, ಕಬಡ್ಡಿ ಪಂದ್ಯ, ಎಂತ ಇದ್ರೂ ಊರಿಡೀ ಸುತ್ತಿ ಹೇಳುದು ನನ್ನ ಕೆಲಸ. ಬಾಕಿಯವರು ಹೇಳ್ತಾರೆ, ನಾನು ಡೈಲಾಗ್ ಹೊಡೀತೇನೆ. "ಈ ನಾಟಕ ನೋಡಿ ನಗದವನಿಗೆ ಹಲ್ಲಿಲ್ಲ, ಅಳದವನಿಗೆ ಹೆಂಡತಿ ಇಲ್ಲ" ಅಂತ. ಒಂದೇ ಸಿನಿಮಾವನ್ನು ಸೀಟು ಬದಲಿಸಿ ಬದಲಿಸಿ ನೋಡಿದವ ನಾನು. ಅನ್ನ ಕೇಳುವಾಗ್ಲೂ ಹೀರೋನ ಗಂಟಲಲ್ಲೇ ಕೇಳುದು, ಅಮ್ಮ ಬಡಿಸುವಾಗ ವಿಲನ್.

ಆದ್ರೆ ಇದು ನನ್ನ ಕತೆ ಅಲ್ಲ, ಸುಪ್ರೀತಕ್ಕನದ್ದು. ಅವಳೇ ಬರಿ ಅಂತ ಹೇಳಿದ ಮೇಲೆ ಬರೀತಿದ್ದೇನೆ. ಹೆಸರು, ಊರು, ಮನೆ ಎಲ್ಲ ತಿರುಗಿಸಿ ಹಾಕಿದ್ದೇನೆ. ಹುಡುಕ್ಲಿಕ್ಕೆ ಹೊರಡ್ಬೇಡಿ, ದಾರಿ ತಪ್ತದೆ.

ಸುಪ್ರೀತಕ್ಕ ನನ್ನ ದೊಡ್ಡಮ್ಮನ ಮಗಳು. ಬೊಂಬಾಯಿಯಲ್ಲಿ ಎಂ.ಎ. ಮುಗಿಸಿ ಬಂದು ಮಹಿಳಾ ಅಧ್ಯಯನದಲ್ಲಿ ಪಿಎಚ್‌ಡಿ ಮಾಡ್ತಿದ್ಳು. ಎರಡು ಸಾವಿರದ ಮೂರನೇ ಇಸವಿ ಅದು. ವಿಷಯ ಎಂತ ಅಂದ್ರೆ, ಕೆಲಸ ಕೊಡಿಸ್ತೇವೆ ಅಂತ ಹೆಣ್ಮಕ್ಕಳನ್ನು ಕೊಂಡೋಗಿ ಸೂಳೆಮನೆಗೆ ಮಾರುದು. ಮದುವೆಮನೆಯಲ್ಲಿ ಯಾರಾದ್ರೂ "ಮಗಳು ಎಂತದರಲ್ಲಿ ಪಿಎಚ್‌ಡಿ ಮಾಡುದು ಪ್ರಫುಲ್ಲಕ್ಕಾ?" ಕೇಳಿದ್ರೆ ದೊಡ್ಡಮ್ಮ "ಜಾನಪದ" ಅಂತ ಹೇಳಿ ಪಾಯಸ ಬರುವ ಕಡೆ ನೋಡ್ತಿದ್ರು.

ಊರು ಸುತ್ತುವಾಗ ಜೊತೆಗೆ ಒಬ್ಬ ಗಂಡಸು ಇರ್ಬೇಕು ಅಂತ ದೊಡ್ಡಮ್ಮನ ಕಂಡೀಶನ್. ಆ ಗಂಡಸು ನಾನು. ಅವರಿಗೆ ಬೇರೆ ಯಾರೂ ಸಿಗ್ಲಿಲ್ಲ ಅಂತ ಕಾಣ್ತದೆ.

ಅಕ್ಕನ ಕೆಲಸದ ಕ್ರಮ ನೋಡಿ ನಾನೇ ತಲೆಬಾಗಿದ್ದೇನೆ. ನಾನು ಅನೌನ್ಸ್ ಮಾಡುವ ದಿನ ಜೀಪಲ್ಲಿ ಬರ್ತಾಳೆ. ಶಿರ್ತಾಡಿಯಲ್ಲೋ ವಾಮದಪದವಿನಲ್ಲೋ ಇಳಿದು ನಾಟಕದ ನೋಟೀಸು ಹಿಡ್ಕೊಂಡು ಎಲ್ಲ ಮನೆಗೂ ಹೋಗ್ತಾಳೆ. ಎಲ್ಲ ಕಡೆ ನೋಟೀಸು ಕೊಟ್ಟು ಬರುದು, ಒಂದು ಮನೆಯಲ್ಲಿ ಮಾತ್ರ ಕುಡೀಲಿಕ್ಕೆ ನೀರು ಕೇಳಿ ಕೂತ್ಕೊಳ್ಳುದು. ಯಾವ ಮನೆಯಲ್ಲಿ ಅಂತ ನೆರೆಕರೆಗೂ ಗೊತ್ತಾಗುದಿಲ್ಲ, ನನಗೂ ಇಲ್ಲ. ಜೀಪು ದೂರದಲ್ಲೇ ನಿಲ್ಲಿಸ್ಬೇಕು, ಇಳೀಬಾರ್ದು.

"ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕ?" ಕೇಳಿದೆ ಒಂದ್ಸಲ.

"ನಿನ್ನ ಮೇಲೆ ಉಂಟು. ನಿನ್ನ ಬಾಯಿ ಮೇಲೆ ಇಲ್ಲ."

"ಈ ಬಾಯಿ ಸತ್ರೂ ಬಿಡುದಿಲ್ಲ, ಬಿಟ್ರೆ..."

"ಡೈಲಾಗ್ ಸಾಕು. ಗಾಡಿ ಬಿಡು."

ಕಕ್ಕಿಂಜೆಯಲ್ಲಿ ಸಿಕ್ಕಿಬಿದ್ದೆವು. ಅಕ್ಕ ವಾಪಸು ಬರುವಾಗ ಹಿಂದೆ ಒಂದು ಗುಂಪು. ಮುಂದೆ ಅಂಗಡಿ ತುಕ್ರಪ್ಪಣ್ಣ, ಜೀಪಿನ ಬಾನೆಟ್ಟಿಗೆ ಕೊಡೆ ಅಡ್ಡ ಇಟ್ಟು ನಿಂತ್ರು.

"ನಾಟಕದ ನೋಟೀಸು ಕೊಡ್ಲಿಕ್ಕೆ ಬಂದವಳಿಗೆ ಹೆಣ್ಮಕ್ಕಳ ಸುದ್ದಿ ಯಾಕೆ? ಮೊನ್ನೆಯೂ ಕೇಳಿದ್ದಾಳಂತೆ, ಮಗಳು ಎಲ್ಲಿದ್ದಾಳೆ, ಎಂತ ಕೆಲಸ, ಯಾರು ಕೊಂಡೋದದ್ದು ಅಂತ. ಹುಡುಗಿಯರನ್ನು ಕೊಂಡೋಗಿ ಮಾರುವ ಪಾರ್ಟಿ ಅಂದ್ರೆ ಇದೇ. ಇವ ಡ್ರೈವರ್."

ನನಗೆ ಎಷ್ಟು ಸಿಟ್ಟು ಬಂತು ಅಂದ್ರೆ, ಬಾಯಿಗೆ ಬಂದ ಡೈಲಾಗ್ ನುಂಗಿದೆ. ಜನ ಕಡಿಮೆ ಇದ್ದಿದ್ರೆ ಹೊಡೀತಿದ್ದೆ. ಡೈಲಾಗ್ ಮಾರಾಯ್ರೆ, ಜನರನ್ನಲ್ಲ.

"ಪೊಲೀಸರಿಗೆ ಆಮೇಲೆ ಹೇಳುವ. ಮೊದಲು ಜಯಕರಣ್ಣನಿಗೆ ಹೇಳಿ, ಇಲ್ಲೇ ಮೇಲೆ ಬಂದಿದ್ದಾರೆ" ಅಂತ ಯಾರೋ ಹೇಳಿದ್ರು.

ಬೊಂಬಾಯಿ ಜಯಕರಣ್ಣ ಅಂದ್ರೆ ನಮ್ಮ ಕಡೆ ದೊಡ್ಡ ಹೆಸರು. ಅಲ್ಲಿ ಹೋಮ್ ನರ್ಸ್ ಏಜೆನ್ಸಿ. ಇಲ್ಲಿಯ ಬಡವರ ಹೆಣ್ಮಕ್ಕಳಿಗೆ ಕೆಲಸ ಕೊಡಿಸುವವರು, ಊರಿನ ಎಲ್ಲ ವಾರ್ಷಿಕೋತ್ಸವದಲ್ಲಿ ಸ್ಟೇಜಿನ ಮಧ್ಯದ ಕುರ್ಚಿ ಅವರದ್ದು. ಸಿನಿಮಾದಲ್ಲಾದ್ರೆ ಇಂಥವರ ಎಂಟ್ರಿಗೆ ಸ್ಲೋ ಮೋಷನ್ ಹಾಕ್ತಾರೆ. ಇಲ್ಲಿ ರಸ್ತೆ ಹಾಳಾದ ಕಾರಣ ಕಾರೇ ಸ್ಲೋ ಮೋಷನ್‌ನಲ್ಲಿ ಬಂತು. ಬಿಳಿ ಅಂಗಿ, ಬಿಳಿ ಪಂಚೆ, ಬಿಳಿ ನಗು.

"ಅಯ್ಯೋ ಬಿಡಿ ತುಕ್ರಪ್ಪ. ಇದು ಮೂಡಬಿದ್ರೆ ಪ್ರಫುಲ್ಲಕ್ಕನ ಮಗಳಲ್ವಾ. ಓದುವ ಮಗು" ಅಂದ್ರು. ಅಕ್ಕನ ಕಡೆ ತಿರುಗಿ, "ಇಂಥ ಕೊಳಕು ವಿಷಯ ಯಾಕೆ ಮಗಾ ನಿನಗೆ? ಪಾಡ್ದನ ಉಂಟು, ಭೂತಾರಾಧನೆ ಉಂಟು, ಎಷ್ಟು ಚಂದದ ವಿಷಯ ಉಂಟು ನಮ್ಮಲ್ಲಿ. ಯಾರ್ಯಾರ ಮನೆಗೆ ಹೋಗಿದ್ದಿ? ಯಾರು ಎಂತ ಹೇಳಿದ್ರು?"

"ಯಾರೂ ಎಂತದೂ ಹೇಳ್ಲಿಲ್ಲ" ಅಂದ್ಳು ಅಕ್ಕ.

"ಹೇಳುದಿಲ್ಲ. ಹೇಳ್ಲಿಕ್ಕೆ ಎಂತ ಉಂಟು" ಅಂತ ನಕ್ಕು ನಮ್ಮನ್ನು ಬಿಡಿಸಿದ್ರು. ಜನ ಅವರಿಗೆ ಕೈ ಮುಗಿದ್ರು. ನಾನೂ ಮುಗಿದೆ.

ಉಜಿರೆ ದಾಟಿದ ಮೇಲೆ ಅಕ್ಕ ಹಿಂದೆ ಯಾರಾದ್ರೂ ಬರ್ತಿದ್ದಾರಾ ಅಂತ ತಿರುಗಿ ನೋಡಿದ್ಳು. ಮತ್ತೆ ಹೇಳಿದ್ಳು, "ಶೋಧನ, ನಾನು ನೀರು ಕುಡಿದ ಮನೆಯಲ್ಲೆಲ್ಲ ಕೇಳಿದ ಹೆಸರು ಇವರದ್ದೇ."

ನಾನು ಬ್ರೇಕ್ ಹಾಕಿದೆ. ಇಂಟರ್ವಲ್‌ಗೆ ಮೊದಲೇ ವಿಲನ್ ಯಾರು ಅಂತ ಗೊತ್ತಾದ್ರೆ ಹೀರೋಗೆ ಸುಲಭ. ಇಲ್ಲಿ ವಿಲನ್‌ಗೆ ನಾನೇ ಕೈ ಮುಗಿದು ಬಂದಿದ್ದೆ.

"ಹೋಮ್ ನರ್ಸ್ ಅಂತ ಕೊಂಡೋಗುದು. ಒಂದಷ್ಟು ಜನರಿಗೆ ನಿಜವಾಗ್ಲೂ ಕೆಲಸ ಸಿಗ್ತದೆ, ಅವರನ್ನೇ ಎಲ್ಲರಿಗೂ ತೋರಿಸುದು. ಕೇಳುವವರು ಗಟ್ಟಿ ಇಲ್ಲದ ಮನೆಯ ಹುಡುಗಿ ಆದ್ರೆ ಬೇರೆ ಕಡೆ ಇಳಿಸುದು. ಒಬ್ಬಳು ತಪ್ಪಿಸಿಕೊಂಡು ಬಂದಿದ್ದಾಳೆ. ಎಲ್ಲ ಹೇಳಿದ್ಳು."

"ಮತ್ತೆಂತ, ಸ್ಟೇಶನ್ನಿಗೆ ಹೋಗುವ."

ಹೋದೆವು. ಅಲ್ಲಿದ್ದವರು ಒಳ್ಳೆ ಮರ್ಯಾದೆಯಲ್ಲೇ ಕೂರಿಸಿದ್ರು. ಆದ್ರೆ ಪ್ರಶ್ನೆ ಒಂದೇ. ಕಂಪ್ಲೇಂಟ್ ಕೊಡುವವಳು ಯಾರು, ಹೆಸರು ಹೇಳಿ, ಕರ್ಕೊಂಡು ಬನ್ನಿ. ಅಕ್ಕನಿಗೆ ಹೇಳ್ಲಿಕ್ಕೆ ಆಗುದಿಲ್ಲ. ಹೆಸರು ಹೊರಗೆ ಬಿಡುದಿಲ್ಲ ಅಂತ ಮಾತು ಕೊಟ್ಟ ಮೇಲೆಯೇ ಆ ಹೆಂಗಸು ಬಾಯಿ ತೆರೆದದ್ದು. ಅವಳಿಗೆ ಈಗ ಗಂಡ, ಅತ್ತೆ, ಸಣ್ಣ ಮಗು. ಅವರಿಗೆ ಗೊತ್ತಿರುದು, ಅವಳು ಬೊಂಬಾಯಿಯಲ್ಲಿ ಅಜ್ಜಿಯೊಬ್ಬರನ್ನು ನೋಡ್ಕೊಳ್ತಿದ್ಳು ಅಂತ.

ಅಷ್ಟರಲ್ಲಿ ಅಶ್ರಫಣ್ಣನ ಅಂಗಡಿಗೆ ಒಂದು ಆರ್ಡರ್ ಬಂತು. ಬರುವ ಆದಿತ್ಯವಾರ ವಾಮದಪದವಿನ ಹಾಲ್‌ನಲ್ಲಿ ಸಭೆ. ಹೋಮ್ ನರ್ಸ್ ಕೆಲಸಕ್ಕೆ ಹೊರಟ ಹುಡುಗಿಯರಿಗೆ ಬೀಳ್ಕೊಡುಗೆ, ಜಯಕರಣ್ಣನಿಗೆ ಸನ್ಮಾನ. ಊಟ ಆದ ಕೂಡ್ಲೇ ಹುಡುಗಿಯರು ಅಲ್ಲಿಂದಲೇ ವ್ಯಾನಲ್ಲಿ ಬೊಂಬಾಯಿಗೆ. ಮೈಕ್ ನಮ್ಮದು, ನಿರೂಪಣೆ ಯಾರು? ನಾನು.

"ಆಗುದಿಲ್ಲ ಅಂತ ಹೇಳುವ" ಅಂದೆ.

"ಆಗ್ತದೆ ಅಂತ ಹೇಳು" ಅಂದ್ಳು ಅಕ್ಕ.

ನಮ್ಮಲ್ಲಿ ಒಂದು ಕ್ರಮ ಉಂಟು. ಸಭೆಯಲ್ಲಿ ಮೈಕಲ್ಲಿ ಒಬ್ಬರ ಹೆಸರು ಕರೆದ್ರೆ ಮುಗೀತು. ಅವರನ್ನು ಯಾರು ಕರೆಸಿದ್ದು ಅಂತ ಸ್ಟೇಜಿನಲ್ಲಿ ಯಾರೂ ಕೇಳುದಿಲ್ಲ. ಅಧ್ಯಕ್ಷರು ಕಾರ್ಯದರ್ಶಿ ಕರೆಸಿದ್ದು ಅಂತ ತಿಳ್ಕೊಳ್ತಾರೆ, ಕಾರ್ಯದರ್ಶಿ ಅಧ್ಯಕ್ಷರು ಅಂತ ತಿಳ್ಕೊಳ್ತಾರೆ, ಇಬ್ಬರೂ ಚಪ್ಪಾಳೆ ತಟ್ತಾರೆ. ಮಾತು ಮುಗಿಯುವವರೆಗೆ ಎಬ್ಬಿಸಿ ಕಳಿಸುದು ಅವಮರ್ಯಾದೆ. ಪುಕ್ಕಟೆ ಭಾಷಣ ಮಾಡಿ ಊರಿಗೇ ನಿದ್ದೆ ಬರಿಸಿದವರನ್ನೂ ನಾವು ಕೆಳಗಿಳಿಸಿದ್ದಿಲ್ಲ. ನಾವು ನಂಬಿದ್ದು ಈ ಮರ್ಯಾದೆಯನ್ನೇ.

ಅಶ್ರಫಣ್ಣನಿಗೆ ವಿಷಯ ಹೇಳ್ದೆ. ಗಡ್ಡ ಕೆರ್ಕೊಂಡ್ರು. "ನನಗೂ ಮೂರು ಹೆಣ್ಮಕ್ಕಳು. ನೀನು ಮೈಕ್ ನೋಡ್ಕೋ, ಸ್ವಿಚ್ಚು ನಾನು ನೋಡ್ಕೊಳ್ತೇನೆ" ಅಂದ್ರು.

ಆದಿತ್ಯವಾರ ಹಾಲ್ ತುಂಬಿತ್ತು. ಎಡಗಡೆ ಹೆಂಗಸರು. ಮುಂದಿನ ಸಾಲಿನಲ್ಲಿ ಹೊರಟ ಹುಡುಗಿಯರು, ಹೊಸ ಚೂಡಿದಾರ, ಮಡಿಲಲ್ಲಿ ಬ್ಯಾಗು. ದೊಡ್ಡ ಪೆಟ್ಟಿಗೆಗಳು ಆಗ್ಲೇ ಹೊರಗೆ ವ್ಯಾನಿಗೆ ಹತ್ತಿದ್ದವು. ಒಂದು ಹುಡುಗಿ ಫಿದಾ ಅಂತ, ತಾಯಿ ಆಯಿಶಮ್ಮನ ಕೈ ಹಿಡ್ಕೊಂಡು ಕೂತಿದ್ಳು. ದೀಪ ಬೆಳಗಿಸಿ ಆಯ್ತು, ಪ್ರಾರ್ಥನೆ ಆಯ್ತು. ಅಧ್ಯಕ್ಷರು ರಿಟೈರ್ಡ್ ಹೆಡ್‌ಮಾಸ್ಟರು. ಅವರು ಜಯಕರಣ್ಣನಿಗೆ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಪೇಟ ಇಟ್ರು. ಪೇಟ ಸ್ವಲ್ಪ ದೊಡ್ಡದಾಗಿ ಕಿವಿಯವರೆಗೆ ಇಳೀತು.

ನಾನು ಮೈಕ್ ಹಿಡ್ದೆ. "ಸನ್ಮಾನಿತರ ಬಗ್ಗೆ ಎರಡು ಮಾತಾಡ್ಲಿಕ್ಕೆ, ಬೊಂಬಾಯಿಯಲ್ಲಿ ಓದಿ ಬಂದ, ನಮ್ಮ ನಾಡಿನ ಹೆಮ್ಮೆಯ ಸಂಶೋಧಕಿ, ಕುಮಾರಿ ಸುಪ್ರೀತಾ ಅವರನ್ನು ವೇದಿಕೆಗೆ ಆಹ್ವಾನಿಸ್ತಾ ಇದ್ದೇನೆ."

ಅಧ್ಯಕ್ಷರು ಚಪ್ಪಾಳೆ ತಟ್ಟಿದ್ರು. ಜಯಕರಣ್ಣನೂ ತಟ್ಟಿದ್ರು, ತಟ್ಟುತ್ತಾ ತಟ್ಟುತ್ತಾ ಕೈ ನಿಂತಿತು.

ಅಕ್ಕ ಕಾಗದ ಹಿಡ್ಕೊಂಡಿರ್ಲಿಲ್ಲ. "ಜಯಕರಣ್ಣ, ಈ ಹುಡುಗಿಯರು ಯಾವ ಮನೆಗೆ ಹೋಗ್ತಾರೆ? ವಿಳಾಸ ಹೇಳಿ, ಅಮ್ಮಂದಿರು ಕೇಳಿಸ್ಕೊಳ್ಳಲಿ."

"ಅದು ಅಲ್ಲಿ ಹೋದ ಮೇಲೆ ಗೊತ್ತಾಗುದು ಮಗಾ. ಆಫೀಸಿನವರು ನೋಡ್ತಾರೆ."

"ಹೋದ ವರ್ಷ ಹೋದವರದ್ದು? ಅದಕ್ಕಿಂತ ಮೊದಲಿನವರದ್ದು? ಅವರು ಹೋಗಿ ಆಯ್ತಲ್ಲ. ಅವರ ವಿಳಾಸ ಗೊತ್ತಿರ್ಬೇಕಲ್ಲ."

ಜಯಕರಣ್ಣ ನಗ್ತಾ ಅಧ್ಯಕ್ಷರ ಕಡೆ ನೋಡಿದ್ರು. ಅಕ್ಕ ನಿಲ್ಲಿಸ್ಲಿಲ್ಲ. "ನಮ್ಮ ಊರಿನ ಒಬ್ಬಳು ಇದೇ ವ್ಯಾನಲ್ಲಿ ಹೋದ್ಳು. ಹೋಮ್ ನರ್ಸ್ ಅಂತ. ಇಳಿಸಿದ್ದು ಸೂಳೆಮನೆಯಲ್ಲಿ. ಮಾರಿದವರು ಇವರು. ಅವಳು ಓಡಿ ವಾಪಸು ಬಂದಿದ್ದಾಳೆ."

ಸ್ಟೇಜಿನ ಹಿಂದಿನಿಂದ ಜಯಕರಣ್ಣನ ಜನ ಒಬ್ಬ ಆಂಪ್ಲಿಫಯರ್ ಕಡೆ ಹೋದ. ಅಲ್ಲಿ ಅಶ್ರಫಣ್ಣ ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತು ಚಾ ಕುಡೀತಿದ್ರು. "ಶಾಕ್ ಹೊಡೀತದೆ ಮಾರಾಯ, ಮುಟ್ಬೇಡ" ಅಂದ್ರು. ಅಶ್ರಫಣ್ಣನ ತೋಳು ನೋಡಿ ಅವನಿಗೂ ಹೌದು ಅಂತ ಕಂಡಿತು.

ಅಧ್ಯಕ್ಷರು ಎದ್ದು ನಿಂತ್ರು. ಕೆಟ್ಟವರಲ್ಲ, ಮೇಷ್ಟ್ರು. "ಅಮ್ಮಾ, ಹೀಗೆ ಗಾಳಿಯಲ್ಲಿ ಮಾತಾಡ್ಬಾರ್ದು. ಯಾರು ಅವಳು? ಹೆಸರು ಹೇಳಿ."

"ಹೌದು, ಹೆಸರು ಹೇಳ್ಲಿ" ಅಂತ ಹಿಂದಿನ ಬೆಂಚಿನವರು. "ಧೈರ್ಯ ಇದ್ರೆ ಹೆಸರು ಹೇಳ್ಲಿ."

ಜಯಕರಣ್ಣ ಶಾಲು ಸರಿಮಾಡ್ಕೊಂಡ್ರು. ಎಷ್ಟು ಮೆತ್ತಗೆ ಹೇಳಿದ್ರು ಗೊತ್ತುಂಟಾ. "ಹೇಳು ಮಗಾ. ಅಂಥವಳು ಇದ್ರೆ ನಾನೇ ಅವಳ ಮನೆಗೆ ಹೋಗಿ ಕಾಲಿಗೆ ಬೀಳ್ತೇನೆ. ಹೆಸರು ಮಾತ್ರ ಹೇಳು."

ಅವರಿಗೆ ಬೇಕಾದದ್ದೂ ಅದೇ, ಬಾಯಿ ಬಿಟ್ಟದ್ದು ಯಾರು ಅಂತ. ಅಕ್ಕ ಹೆಸರು ಹೇಳಿದ್ರೆ ಒಬ್ಬಳ ಸಂಸಾರ ಹೋಯ್ತು. ಹೇಳದಿದ್ರೆ ಊಟ ಮುಗಿಸಿ ವ್ಯಾನ್ ಹೊರಡ್ತದೆ. ಅಕ್ಕ ಹೆಂಗಸರ ಕಡೆ ಒಂದ್ಸಲವೂ ನೋಡ್ಲಿಲ್ಲ. ಆ ಹೆಂಗಸು ಅಲ್ಲೇ ಎಲ್ಲಾದ್ರೂ ಕೂತಿದ್ಳಾ ಎಂತದೋ. ನೇರ ಮೇಷ್ಟ್ರನ್ನೇ ನೋಡಿದ್ಳು.

"ಹೆಸರು ಬೇಕಾ, ಬರ್ಕೊಳ್ಳಿ. ಸುಪ್ರೀತಾ. ಪ್ರಫುಲ್ಲಾ ಅವರ ಮಗಳು. ಮೂಡಬಿದ್ರೆ."

ಸಿನಿಮಾದಲ್ಲಾದ್ರೆ ಇಲ್ಲಿ ಗುಡುಗು ಹಾಕ್ತಾರೆ. ಹಾಲ್‌ನಲ್ಲಿ ಅಡುಗೆಯವರು ಸೌಟು ಹಿಡ್ಕೊಂಡು ಬಾಗಿಲಿಗೆ ಬಂದು ನಿಂತಿದ್ರು.

ಮೊದಲು ಹಾರಿದ್ದು ಜಯಕರಣ್ಣ. ಪೇಟ ಕೈಯಲ್ಲಿ ಹಿಡ್ಕೊಂಡು, "ಸುಳ್ಳು. ಶುದ್ಧ ಸುಳ್ಳು. ಇವಳು ನನ್ನ ವ್ಯಾನಲ್ಲಿ ಬಂದವಳೇ ಅಲ್ಲ. ನಾನು ಕೊಂಡೋದ ಒಬ್ಬೊಬ್ಬಳ ಮುಖವೂ ನನಗೆ ಗೊತ್ತುಂಟು."

"ಗೊತ್ತುಂಟಲ್ಲ" ಅಂದ್ಳು ಅಕ್ಕ. "ಹಾಗಾದ್ರೆ ಹೇಳಿ, ಎಲ್ಲಿದ್ದಾರೆ ಅವರೆಲ್ಲ."

ಎಡಗಡೆಯಿಂದ ಆಯಿಶಮ್ಮ ಎದ್ದು ನಿಂತ್ರು. ಮೈಕ್ ಬೇಡ ಅವರಿಗೆ. "ನಮ್ಮ ನೆರೆಮನೆ ನೋಣಯ್ಯಣ್ಣನ ಮಗಳನ್ನು ನೀವೇ ಕೊಂಡೋದದ್ದು. ಅವಳ ಮುಖ ನೆನಪುಂಟಾ ನಿಮಗೆ? ಅವರು ಕೇಳಿದಾಗಲೆಲ್ಲ ನೀವು ಹೇಳುದು, ಅವಳು ಕೆಲಸ ಬಿಟ್ಟು ಎಲ್ಲಿಗೋ ಹೋದ್ಳು, ನನಗೆ ಗುರ್ತವೇ ಇಲ್ಲ ಅಂತ. ಈಗ ಎಲ್ಲರ ಮುಖ ಗೊತ್ತುಂಟಾ?"

ಜಯಕರಣ್ಣ ಪೇಟ ಮೇಜಿನ ಮೇಲೆ ಇಟ್ರು.

ಆಯಿಶಮ್ಮ ಉತ್ತರಕ್ಕೆ ಕಾಯ್ಲಿಲ್ಲ. ಫಿದಾಳ ಕೈ ಹಿಡಿದು ಹೊರಗೆ ನಡೆದ್ರು, ವ್ಯಾನಿನ ಮೇಲಿಂದ ಪೆಟ್ಟಿಗೆ ಇಳಿಸು ಅಂತ ಡ್ರೈವರಿಗೆ ಹೇಳಿದ್ರು. ಅವ ಹಿಂದೆಮುಂದೆ ನೋಡಿದ. "ನೀನು ಇಳಿಸ್ತಿಯಾ, ನಾನು ಹತ್ತಬೇಕಾ?" ಅಂತ ಕೇಳಿದ್ರು. ಇಳಿಸಿದ. ಅದರ ಹಿಂದೆ ಇನ್ನೊಂದು, ಮತ್ತೊಂದು. ಒಬ್ಬ ತಾಯಿ ಮಾತ್ರ ಅಳ್ತಾ ನಿಂತಿದ್ಳು, ಹೋದ್ರೆ ಭಯ, ಹೋಗದಿದ್ರೆ ಮನೆಯಲ್ಲಿ ಎಂತ ಉಂಟು ಅಂತ. ಅಕ್ಕ ಹೋಗಿ ಅವಳ ಹತ್ರ ತುಂಬ ಹೊತ್ತು ಕೂತ್ಳು. ಕೊನೆಗೆ ಅವಳ ಮಗಳದ್ದೂ ಇಳೀತು. ವ್ಯಾನ್ ಖಾಲಿ ಹೋಯ್ತು.

ನೋಣಯ್ಯಣ್ಣ ಆಮೇಲೆ ತನ್ನ ಹೆಸರಲ್ಲೇ ಕಂಪ್ಲೇಂಟ್ ಕೊಟ್ರು. ಕೇಸು ಈಗ್ಲೂ ನಡೀತಾ ಉಂಟು, ಅವರ ಮಗಳು ಈಗ್ಲೂ ಸಿಗ್ಲಿಲ್ಲ. ಜಯಕರಣ್ಣ ಮಾತ್ರ ಮತ್ತೆ ನಮ್ಮ ಕಡೆ ಯಾವ ಸ್ಟೇಜಿನಲ್ಲೂ ಕೂತದ್ದಿಲ್ಲ.

ಇಲ್ಲಿಗೆ ಶುಭಂ ಅಂತ ಹಾಕಿ ಲೈಟ್ ಹಾಕ್ಬೇಕಿತ್ತು. ಆದ್ರೆ ನಮ್ಮ ಊರಿನವರು ಎದ್ದು ಹೋಗುವ ಜನ ಅಲ್ಲ.

ಮಾರನೇ ದಿನದಿಂದ ಶುರು. ಮೂಡಬಿದ್ರೆ ಬಸ್‌ಸ್ಟ್ಯಾಂಡಿನಲ್ಲಿ, ಮೀನು ಮಾರ್ಕೆಟಿನಲ್ಲಿ, ಹೆಂಗಸರು ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಒಂದೇ ಸುದ್ದಿ. ಎಂ.ಎ. ಅಂತ ಬೊಂಬಾಯಿಗೆ ಹೋದದ್ದು ಅದಕ್ಕಾ, ಅಂತ. ಅಯ್ಯೋ ಪಾಪ ಅನ್ನುವವರು, ಹಲ್ಲು ಕಿಸಿಯುವವರು. ಅಕ್ಕನಿಗೆ ಮಸ್ಕತ್ತಿನ ಹುಡುಗನದ್ದು ಮಾತು ಆಗಿತ್ತು. ಅವರ ಕಡೆಯಿಂದ ಫೋನ್ ಬಂತು, ಜಾತಕ ಕೂಡಿ ಬರುದಿಲ್ಲವಂತೆ. ಮೊದಲು ಕೂಡಿ ಬಂದ ಜಾತಕ ಅದು. ಗ್ರಹಗಳು ವಾಮದಪದವಿಗೆ ಬಂದು ಸಭೆ ನೋಡಿದ್ವಾ ಗೊತ್ತಿಲ್ಲ.

ನಾನು ಸುಮ್ಮನಿರ್ತೇನಾ? ಜೀಪು ತಂದು ಅಕ್ಕನ ಮನೆ ಮುಂದೆ ನಿಲ್ಲಿಸ್ದೆ. "ಅಕ್ಕ, ಒಂದು ಮಾತು ಹೇಳು ಸಾಕು. ಅದು ಅವಳಲ್ಲ, ಹುಡುಗಿಯರನ್ನು ಉಳಿಸ್ಲಿಕ್ಕೆ ಹೇಳಿದ್ದು ಅಂತ ಮೂರು ಊರಿನವರ ಕಿವಿ ಕಿತ್ತು ಹೋಗುವ ಹಾಗೆ ಅನೌನ್ಸ್ ಮಾಡ್ತೇನೆ. ಈ ಶೋಧನ ಬಾಯಿ ತೆರೆದ್ರೆ..."

"ಮುಚ್ಚು" ಅಂದ್ಳು.

"ಯಾಕೆ?"

"ನಾನಲ್ಲ ಅಂತ ಹೇಳಿದ್ರೆ ನಾಳೆಯಿಂದ ಎಲ್ಲ ಹುಡುಕ್ತಾರೆ, ಹಾಗಾದ್ರೆ ಯಾರು ಅಂತ. ಬೊಂಬಾಯಿಗೆ ಹೋಗಿ ಬಂದ ಒಬ್ಬೊಬ್ಬಳ ಮನೆ ಬಾಗಿಲಿಗೂ ಹೋಗಿ ಇಣುಕ್ತಾರೆ. ಈಗ ಹುಡುಕುದು ನಿಂತಿದೆ. ನಿಂತೇ ಇರ್ಲಿ."

"ನಿನ್ನ ಮರ್ಯಾದೆ?"

"ಕೇಳು ಶೋಧನ. ನಾನಲ್ಲಪ್ಪ, ನಾನು ಅಂಥವಳಲ್ಲ ಅಂತ ಮೈಕ್ ಹಾಕಿ ಹೇಳಿದ್ರೆ ಎಂತ ಅರ್ಥ? ಅಂಥವಳಾಗುದು ನಾಚಿಕೆ ಅಂತ ನಾನೂ ಒಪ್ಪಿದ ಹಾಗೆ. ಮಾರಿದವ ಪೇಟ ಇಟ್ಕೊಂಡು ಕೂರ್ತಾನೆ, ಮಾರಿಸ್ಕೊಂಡವಳು ತಲೆ ತಗ್ಗಿಸ್ಬೇಕಾ? ನಾನು ತಗ್ಗಿಸುದಿಲ್ಲ. ಅವಳ ಬದಲಿಗೂ ತಗ್ಗಿಸುದಿಲ್ಲ."

ನಾನು ಮೈಕಿನ ವಯರು ಸುತ್ತಿ ಸೀಟಿನ ಅಡಿಗೆ ಹಾಕಿದೆ.

ಅದರ ನಂತರ ಹೋಟೆಲಿನಲ್ಲಿ ಒಬ್ಬ ನನ್ನ ಹೆಗಲಿಗೆ ಕೈ ಹಾಕಿ ಕೇಳಿದ, "ನಿಜ ಹೇಳು ಮಾರಾಯ, ಅದು ನಿನ್ನ ಅಕ್ಕನೇಯಾ?" ಮೊದಲಿನ ಶೋಧನ ಆಗಿದ್ರೆ ಕಾಲರ್ ಹಿಡೀತಿದ್ದ. ನಾನು ಬನ್ಸ್ ಮುರಿದು ಬಾಯಿಗೆ ಹಾಕ್ಕೊಂಡು, "ಆಗಿದ್ರೆ ಎಂತ?" ಅಂದೆ. ಅವ "ಎಂತ ಇಲ್ಲ" ಅಂದ. ಕೈ ತೆಗೆದ. ಚಾಕ್ಕೆ ಸಕ್ಕರೆ ಕಮ್ಮಿ ಅಂತ ಸಪ್ಲಾಯರಿಗೆ ಬೈದ.

ಕಷ್ಟ ಆದದ್ದು ದೊಡ್ಡಮ್ಮನಿಗೆ. ಒಂದು ವಾರ ಮನೆಯಿಂದ ಹೊರಗೆ ಬರ್ಲಿಲ್ಲ. ಮೀನಿನವ ಬಂದು ಹಾರ್ನ್ ಹೊಡೆದ್ರೂ ಕಿಟಿಕಿಯಿಂದಲೇ ಬೇಡ ಅಂತಿದ್ರು. ಅಕ್ಕನ ಹತ್ರ ಜಗಳ ಇಲ್ಲ, ಮಾತೂ ಇಲ್ಲ. ನನ್ನನ್ನು ಅಡುಗೆಕೋಣೆಗೆ ಕರೆದು, "ನಿನಗೆ ಆದ್ರೂ ಗೊತ್ತುಂಟಲ್ಲ ಅವಳು ಅಲ್ಲ ಅಂತ" ಅಂದ್ರು. ಹೌದು ಅಂತ ತಲೆ ಆಡಿಸಿದೆ. "ಹೇಳ್ಬಾರ್ದಂತಾ?" "ಹೇಳ್ಬಾರ್ದಂತೆ." ತೆಂಗಿನಕಾಯಿ ತುರಿಯುತ್ತಾ ಕೂತ್ರು. ಯಾರ ಮೇಲೆ ಸಿಟ್ಟೋ ಗೊತ್ತಿಲ್ಲ, ಗೆರಟೆ ಸಹ ತುರಿದುಬಿಟ್ರು.

ಮುಂದಿನ ವಾರ ನಾಟಕದ ಆರ್ಡರ್ ಇತ್ತು, ಬೆಳ್ತಂಗಡಿ ಕಡೆ. ಅಕ್ಕ ಎಂದಿನ ಹಾಗೆ ನೋಟೀಸಿನ ಕಟ್ಟು ಹಿಡ್ಕೊಂಡು ಮುಂದಿನ ಸೀಟಲ್ಲಿ ಕೂತ್ಳು. ನಾನು ಪೇಟೆ ಬಿಟ್ಟು ಹಿಂದಿನ ರಸ್ತೆಯಲ್ಲಿ ಹೋಗುವ ಅಂತ ಇದ್ದೆ, ಮೈಕೂ ಆಫ್. ಸ್ಟಾರ್ಟ್ ಮಾಡುವಾಗ ಗೇಟು ಶಬ್ದ ಆಯ್ತು. ದೊಡ್ಡಮ್ಮ. ಮದುವೆಗೆ ಉಡುವ ರೇಷ್ಮೆ ಸೀರೆ, ತಲೆಗೆ ಅಬ್ಬಲಿಗೆ ಹೂ. ಜೀಪಿನ ಹಿಂದೆ ವಯರು, ಬ್ಯಾಟರಿ, ಆಂಪ್ಲಿಫಯರ್ ಮಧ್ಯ ಹತ್ತಿ ಕೂತ್ರು.

"ಅಮ್ಮ, ನೀವು ಎಲ್ಲಿಗೆ?" ಅಂದ್ಳು ಅಕ್ಕ.

"ನೀನು ಎಲ್ಲಿಗೆ ಹೋಗ್ತಿಯೋ ಅಲ್ಲಿಗೆ. ನನಗೂ ನಾಲ್ಕು ನೋಟೀಸು ಕೊಡು."

"ಜನ ಎಂತಾದ್ರೂ ಹೇಳ್ತಾರೆ."

"ಹೇಳ್ಲಿ. ಮುಖ ನೋಡಿ ಹೇಳ್ಲಿ. ಕಿಟಿಕಿ ಮುಚ್ಚಿ ಮುಚ್ಚಿ ನನಗೆ ಸಾಕಾಯ್ತು." ಮತ್ತೆ ನನ್ನ ಬೆನ್ನಿಗೆ ಗುದ್ದಿದ್ರು. "ಹಿಂದಿನ ರಸ್ತೆಗೆ ಯಾಕೆ ತಿರುಗಿಸ್ತಿದ್ದೀ? ಕಳ್ಳರಾ ನಾವು? ಪೇಟೆಯಲ್ಲೇ ಹೋಗು. ಮೆಲ್ಲ ಹೋಗು. ಮೈಕ್ ಹಾಕು."

"ಎಂತ ಹೇಳುದು ದೊಡ್ಡಮ್ಮ?"

"ನಾಟಕದ್ದೇ ಹೇಳು. ಜೋರಾಗಿ ಹೇಳು. ಜನ ಹೊರಗೆ ಬರ್ಲಿ, ನಮ್ಮನ್ನು ಸರಿಯಾಗಿ ನೋಡ್ಲಿ."

ಮೈಕ್ ಹಾಕಿದೆ. ಫಸ್ಟ್ ಗೇರಲ್ಲೇ ಪೇಟೆಗೆ ಇಳಿದೆ.